ಬೆಳ್ಳಗಿರುವುದೆಲ್ಲ ಹಾಲಲ್ಲ

ನಮ್ಮ ಆಡುಮಾತಿನಲ್ಲಿ ಹಾಲಿಗೆ ದೊರೆತಿರುವ ಮನ್ನಣೆ ಬೇರಾವ ಆಹಾರಕ್ಕೂ ದೊರೆತಂತೆ ಕಾಣುವುದಿಲ್ಲ. ಎಳೆಯ ಮಗುವಿನ ಕೆನ್ನೆ ಹಾಲುಗಲ್ಲ. ಅದರ ಮೊದಲ ಹಲ್ಲು ಹಾಲುಹಲ್ಲು. ಕಲಹವಿಲ್ಲದೆ ಬಾಳುವ ದಂಪತಿಗಳನ್ನು ಹಾಲುಜೇನಿನಂತೆ ಇದ್ದಾರೆ ಎನ್ನುತ್ತೇವೆ. ಅವರ ನಡುವೆ ಯಾರಾದರೂ ಚಾಡಿ ಹೇಳಿದರೆ ಹಾಲಿನಲ್ಲಿ ಹುಳಿ ಹಿಂಡಿದರು ಎಂದು ನೊಂದುಕೊಳ್ಳುತ್ತೇವೆ. ಹೊಸ ಮನೆಯನ್ನು ಹೊಗುವಾಗ ಹಾಲುಕ್ಕಿಸುತ್ತೇವೆ. ಮನೆಯ ಹಿರಿಯರು ತೀರಿಕೊಂಡ ಮೂರನೆಯ ದಿನ ಅನೇಕ ಕುಲಗಳವರು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲುತುಪ್ಪ ಬಿಡುತ್ತಾರೆ. ಹೊಲದಲ್ಲಿ ಎಳೆಗಾಳು ತುಂಬುವುದನ್ನು ಕಂಡ ರೈತ ತೆನೆ ಹಾಲು ತುಂಬಿತು ಎನ್ನುತ್ತಾನೆ. ತೊಟ್ಟಿಲಿನಿಂದ ಗೋರಿಯವರೆಗೆ ಹಾಲು ನಮ್ಮ ಮಾತಿನಲ್ಲಿ ಹರಿದಿದೆ.

ಆದರೆ ಇಷ್ಟೆಲ್ಲ ಹೊಗಳಿದ ಅದೇ ಜನ ಅದೇ ಬಾಯಲ್ಲಿ 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂದೂ ಹೇಳಿದ್ದಾರೆ. 'ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದಂತೆ' ಎಂದೂ ಹೇಳಿದ್ದಾರೆ. ಕುಡಿದದ್ದು ನಿಜವಾಗಿ ಮಜ್ಜಿಗೆಯೇ ಆದರೂ, ಆ ಮರದ ಕೆಳಗೆ ಕುಡಿದವನನ್ನು ಊರು ನಂಬುವುದಿಲ್ಲ. ಕಣ್ಣಿಗೆ ಕಾಣುವ ಬಿಳುಪು ಸಾಕ್ಷಿಯಾಗಲಾರದು ಎಂಬ ಎಚ್ಚರ ಈ ಎರಡು ಗಾದೆಗಳಲ್ಲೂ ಇದೆ. ಪರಿಶುದ್ಧತೆಗೆ ಉಪಮಾನವಾದ ವಸ್ತುವೇ ಶಂಕೆಗೂ ಉಪಮಾನವಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಕಂಡದ್ದಿಷ್ಟು: ಮನುಷ್ಯನು ಹಾಲನ್ನು ಬಳಸಿದ ಇತಿಹಾಸವೆಂದರೆ, ಒಂದು ದೃಷ್ಟಿಯಿಂದ, ನಂಬಿಕೆಯ ಇತಿಹಾಸವೇ ಆಗಿದೆ. ಆ ನಂಬಿಕೆ ಕೆಟ್ಟಾಗಲೆಲ್ಲ ಮೊದಲು ಸತ್ತವರು ಬಾಯಿ ಬಿಟ್ಟು ದೂರು ಹೇಳಲಾರದ ಹಸುಳೆಗಳು.

ಮೊದಲಿಗೆ ಪ್ರಾಣಿಲೋಕವನ್ನು ನೋಡೋಣ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ, ಅದುವರೆಗೆ ನಾಲ್ಕು ಕಾಲಿನವು ಎಂದು ಕರೆದಿದ್ದ ವರ್ಗಕ್ಕೆ ಸ್ತನವುಳ್ಳವು ಎಂಬ ಅರ್ಥದ ಹೊಸ ಹೆಸರು ಕೊಟ್ಟನು. ನಾವು ಸಸ್ತನಿ ಎನ್ನುವುದು ಅದನ್ನೇ. ಆ ಹೆಸರಿಗೆ ಆರು ವರ್ಷ ಮೊದಲು, 1752ರಲ್ಲಿ, ಆತ ಮತ್ತೊಂದು ಪ್ರಬಂಧ ಬರೆದಿದ್ದನು. ಶ್ರೀಮಂತರ ಮನೆಗಳಲ್ಲಿ ತಾಯಂದಿರು ತಾವು ಹಾಲೂಡದೆ ಕೂಲಿಯ ದಾದಿಯರಿಗೆ ಮಕ್ಕಳನ್ನು ಒಪ್ಪಿಸುತ್ತಿದ್ದುದನ್ನು ಅದರಲ್ಲಿ ಕಟುವಾಗಿ ಖಂಡಿಸಿದ್ದನು. ಹಾಲು ಯಾರದು, ಯಾರಿಗೆ ಸಲ್ಲಬೇಕು ಎಂಬ ವಾದ ಜೀವಿಗಳ ವರ್ಗೀಕರಣಕ್ಕೂ ಬೆನ್ನಿಗಿತ್ತು ಎನ್ನುವುದು ಗಮನಾರ್ಹ.

ವಾಸ್ತವವಾಗಿ ಹಾಲು ಸ್ತನಕ್ಕಿಂತಲೂ ಹಳೆಯದು. ಆಸ್ಟ್ರೇಲಿಯದ ಪ್ಲಾಟಿಪಸ್ ಎಂಬ ಪ್ರಾಣಿ ಮೊಟ್ಟೆಯಿಡುತ್ತದೆ, ಹಾಲನ್ನೂ ಕೊಡುತ್ತದೆ. ಆದರೆ ಅದಕ್ಕೆ ಮೊಲೆತೊಟ್ಟಿಲ್ಲ. ಹಾಲು ಬೆವರಿನಂತೆ ಚರ್ಮದಿಂದ ಜಿನುಗುತ್ತದೆ, ಮರಿ ಅದನ್ನು ನೆಕ್ಕಿಕೊಳ್ಳುತ್ತದೆ. ಪಾರಿವಾಳಗಳಲ್ಲಿ ಗಂಡೂ ಹೆಣ್ಣೂ ತಮ್ಮ ಅನ್ನಚೀಲದಲ್ಲಿ ಹಾಲಿನಂಥ ದ್ರವವನ್ನು ಸ್ರವಿಸಿ ಮರಿಗಳ ಬಾಯಿಗೆ ಹಾಕುತ್ತವೆ. ಹಿಮಪ್ರದೇಶದ ಒಂದು ಜಾತಿಯ ಸೀಲ್ ತನ್ನ ಮರಿಗೆ ನಾಲ್ಕೇ ದಿನ ಹಾಲೂಡುತ್ತದೆ. ಆ ಹಾಲಿನಲ್ಲಿ ನೂರಕ್ಕೆ ಸುಮಾರು 60 ಪಾಲು ಕೊಬ್ಬು. ಕರಗುವ ಮಂಜುಗಡ್ಡೆಯ ಮೇಲೆ ಹುಟ್ಟಿದ ಮರಿಗೆ ಅದಕ್ಕಿಂತ ಹೆಚ್ಚು ಕಾಲವಿಲ್ಲ. ಹಸುವಿನ ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ. ಎಮ್ಮೆಯ ಹಾಲಿನಲ್ಲಿ ಜಿಡ್ಡು ನೂರಕ್ಕೆ ಏಳರ ಹತ್ತಿರ. ಮಾನವ ತಾಯಿಯ ಹಾಲಿನಲ್ಲಿ ಸಕ್ಕರೆ ನೂರಕ್ಕೆ ಏಳರಷ್ಟಿದ್ದರೂ ಪ್ರೋಟೀನು ಒಂದರ ಆಸುಪಾಸು ಮಾತ್ರ. ಬೇಗ ಎದ್ದು ನಿಂತು ತಾಯಿಯ ಹಿಂದೆ ಓಡಬೇಕಾದ ಕರುವಿಗೆ ಇದರ ಮೂರು ಪಟ್ಟು ಪ್ರೋಟೀನು ಬೇಕು. ತಾಯಿಯ ಹಾಲಿನಲ್ಲಿ ಮಗುವಿಗೇ ಜೀರ್ಣವಾಗದ ಕೆಲವು ಸಕ್ಕರೆಗಳೂ ಇವೆ. ಅವು ಮಗುವಿನ ಕರುಳಿನಲ್ಲಿ ನೆಲಸಬೇಕಾದ ಹಿತಕಾರಿ ಬ್ಯಾಕ್ಟೀರಿಯಗಳಿಗೆಂದು ಬಂದ ಬುತ್ತಿ. ಒಟ್ಟಿನಲ್ಲಿ ಪ್ರತಿಯೊಂದು ಹಾಲೂ ಒಂದು ನಿರ್ದಿಷ್ಟ ವಿಳಾಸಕ್ಕೆ ಬರೆದ ಓಲೆಯಂತೆ. ಇನ್ನೊಬ್ಬರಿಗೆ ಬರೆದ ಆ ಓಲೆಯನ್ನು ನಾವು ನಡುವೆ ತೆಗೆದು ಓದಿಕೊಂಡವರು.

ಈ ಸಂಗತಿ ನಮ್ಮ ಗೋಪಾಲಕರಿಗೆ ತಿಳಿಯದ್ದೇನಲ್ಲ. ಕರು ಬಾಯಿ ಹಾಕದೆ ನಾಡಹಸು ಹಾಲಿಳಿಸುವುದಿಲ್ಲ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ಪದ್ಧತಿಯೂ ಇತ್ತು. ಇಂದಿನ ಶರೀರಶಾಸ್ತ್ರ ಇದಕ್ಕೆ ಕಾರಣ ಹೇಳುತ್ತದೆ: ಕರುವಿನ ಸ್ಪರ್ಶ ಮತ್ತು ವಾಸನೆಗಳಿಂದ ಹಸುವಿನ ಮೆದುಳು ಆಕ್ಸಿಟೋಸಿನ್ ಎಂಬ ಚೋದಕವನ್ನು ರಕ್ತಕ್ಕೆ ಬಿಡುತ್ತದೆ, ಅದು ಕೆಚ್ಚಲಿನ ಸೂಕ್ಷ್ಮ ಸ್ನಾಯುಗಳನ್ನು ಹಿಂಡಿದಾಗ ಹಾಲು ಇಳಿಯುತ್ತದೆ. ಗಿಣ್ಣಿನ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ವಸ್ತುಗಳು ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಗಿಣ್ಣುಹಾಲಿನಿಂದಲೇ ಅವು ಬರಬೇಕು. ಅವನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಸುಮಾರು ಒಂದು ದಿನ ಮಾತ್ರ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಕಾಸಿ ನೆರೆಮನೆಗಳಿಗೆ ಹಂಚುವ ನಾವು ಸವಿಯುವುದು ಕರುವಿನ ಈ ರಕ್ಷಾಕವಚವನ್ನು. ಕರು ಹೊಟ್ಟೆತುಂಬ ಕುಡಿದ ಮೇಲೆಯೇ ಚೆಂಬು ಹಿಡಿಯಬೇಕೆಂಬ ಹಳ್ಳಿಯ ಕಟ್ಟಳೆಯಲ್ಲಿ ಭೂತದಯೆಯ ಜೊತೆಗೆ ಲೆಕ್ಕಾಚಾರವೂ ಇತ್ತು.

ಇನ್ನು ಕುಡಿಯುವ ನಮ್ಮ ಮಾತು. ಹಾಲಿನ ಸಕ್ಕರೆಯನ್ನು ಜೀರ್ಣಿಸಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಲ್ಲ ಸಸ್ತನಿಗಳಲ್ಲೂ ಹಾಲು ಬಿಡಿಸಿದ ಮೇಲೆ ಇದು ಕುಗ್ಗುತ್ತದೆ. ಮನುಷ್ಯರಲ್ಲಿಯೂ ಪ್ರಪಂಚದ ವಯಸ್ಕರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲಿನವರಿಗೆ ಹೀಗೆಯೇ ಆಗುತ್ತದೆ. ದನ ಸಾಕುವುದು ಆರಂಭವಾದ ಮೇಲೆ, ಕಳೆದ ಹತ್ತು ಸಾವಿರ ವರ್ಷಗಳೊಳಗೆ, ಕೆಲವು ಜನಸಮುದಾಯಗಳಲ್ಲಿ ಆ ಕಿಣ್ವ ಮುಪ್ಪಿನವರೆಗೂ ಉಳಿಯುವಂಥ ಆನುವಂಶಿಕ ಬದಲಾವಣೆ ಹರಡಿತು. 2011ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಅಧ್ಯಯನದಿಂದ, ಯುರೋಪಿನವರಲ್ಲಿರುವ ಬದಲಾವಣೆಯೇ ಭಾರತದಲ್ಲೂ ಇದೆಯೆಂದೂ, ವಾಯವ್ಯದಲ್ಲಿ ಅದು ಹೆಚ್ಚು, ದಕ್ಷಿಣ ಮತ್ತು ಪೂರ್ವಗಳ ಕಡೆಗೆ ಬಂದಂತೆ ಕಡಿಮೆಯೆಂದೂ ತಿಳಿದುಬಂದಿತು. ಪಂಜಾಬಿನವನು ದೊಡ್ಡ ಲೋಟದ ತುಂಬ ಹಾಲು ಕುಡಿದು ಸುಖವಾಗಿರುವಾಗ ನಮ್ಮಲ್ಲಿ ಅನೇಕರಿಗೆ ಹೊಟ್ಟೆ ಗುಡುಗುಟ್ಟುವುದಕ್ಕೆ ಇದೇ ಕಾರಣ. ನಮ್ಮ ಹೆಂಗಸರು ಈ ಕಿಣ್ವದ ಹೆಸರು ಕೇಳುವ ಎಷ್ಟೋ ಶತಮಾನಗಳ ಮುನ್ನವೇ ಅದಕ್ಕೆ ಪರಿಹಾರವನ್ನು ಕಂಡುಕೊಂಡಿದ್ದರು. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಸಾಕು, ಬೆಳಗಾಗುವುದರೊಳಗೆ ಸಕ್ಕರೆಯ ಒಂದು ಭಾಗವನ್ನು ಬ್ಯಾಕ್ಟೀರಿಯಗಳೇ ಆಮ್ಲವಾಗಿ ಮಾರ್ಪಡಿಸಿರುತ್ತವೆ. ದಕ್ಷಿಣದ ಊಟ ಮಜ್ಜಿಗೆಯಲ್ಲಿ ಮುಗಿಯುವುದಕ್ಕೆ ನಾಲಗೆಯಷ್ಟೇ ಕರುಳೂ ಕಾರಣವಿರಬೇಕು ಎಂದು ನನ್ನ ಊಹೆ.

ಆದರೆ ಮೊಸರು ಮಾಡುವುದಕ್ಕೂ ಹಾಲು ಬೇಕಷ್ಟೆ. ನಮ್ಮ ನಾಡತಳಿಗಳು ಹಾಲಿನ ವಿಷಯದಲ್ಲಿ ಉದಾರಿಗಳಲ್ಲ. ಇದಕ್ಕೆ ಮೈಸೂರಿನ ಇತಿಹಾಸದಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲುಬೆಣ್ಣೆಗಳಿಗೆಂದು ದನದ ಮಂದೆಗಳನ್ನೂ ಹುಲ್ಲುಗಾವಲುಗಳನ್ನೂ ವ್ಯವಸ್ಥೆಗೊಳಿಸಿ, ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನು ಏರ್ಪಡಿಸಿದರು. ಟಿಪ್ಪು ಸುಲ್ತಾನನ ಕಾಲಕ್ಕೆ ಅದರ ಹೆಸರು ಅಮೃತ ಮಹಲ್ ಎಂದಾಯಿತು. ಹೆಸರಿನಲ್ಲಿ ಬೆಣ್ಣೆ, ಹೆಸರಿನಲ್ಲಿ ಅಮೃತ. ಮಾಡಿದ ಕೆಲಸವೋ ಯುದ್ಧಭೂಮಿಗೆ ಫಿರಂಗಿ ಮತ್ತು ಸಾಮಾನು ಎಳೆಯುವುದು. ಅಮೃತ ಮಹಲ್ ಎತ್ತುಗಳ ವೇಗಕ್ಕೂ ದಣಿವರಿಯದ ನಡಿಗೆಗೂ ಹೈದರ್ ಮತ್ತು ಟಿಪ್ಪುವಿನ ದಂಡಿನ ಚುರುಕು ಬಹುಮಟ್ಟಿಗೆ ಋಣಿಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಆ ಮಂದೆಗಳನ್ನು ವಶಪಡಿಸಿಕೊಂಡದ್ದೂ ಇದೇ ಕಾರಣಕ್ಕೆ. ಈ ತಳಿಯ ಹಸುಗಳು ತಮ್ಮ ಕರುಗಳನ್ನು ಸಾಕಿ ಮಿಕ್ಕಿ ಕೊಡುವ ಹಾಲು ಅತ್ಯಲ್ಪ. ಬೆಳ್ಳಗಿರುವುದೆಲ್ಲ ಹಾಲಲ್ಲವಾದಂತೆ ಬೆಣ್ಣೆಯ ಹೆಸರಿನದೆಲ್ಲ ಬೆಣ್ಣೆಯಾಗಿರಲಿಲ್ಲ.

ಹಸು ಕಣ್ಣೆದುರಿಗೆ ಇರುವವರೆಗೆ ನಂಬಿಕೆಯ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಪಟ್ಟಣಗಳು ಬೆಳೆದು, ಕರೆಯುವವರಿಗೂ ಕುಡಿಯುವವರಿಗೂ ಪರಿಚಯ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕ್ ನಗರ ಹತ್ತೊಂಬತ್ತನೆಯ ಶತಮಾನದಲ್ಲಿ ಕಲಿಯಿತು. ಅಲ್ಲಿ ಹೆಂಡದ ಭಟ್ಟಿಗಳ ಪಕ್ಕದಲ್ಲೇ ಕೊಟ್ಟಿಗೆಗಳನ್ನು ಕಟ್ಟಿ, ಭಟ್ಟಿಯಿಂದ ಹೊರಬಿದ್ದ ಬಿಸಿ ಗಸಿಯನ್ನೇ ಹಸುಗಳಿಗೆ ತಿನ್ನಿಸುತ್ತಿದ್ದರು. ಹಲ್ಲುದುರಿದ, ಮೈ ಹುಣ್ಣಾದ ಆ ಹಸುಗಳ ಹಾಲು ನೀಲಿ ಛಾಯೆಯ ತೆಳುನೀರಾಗಿರುತ್ತಿತ್ತು. ಅದು ಬೆಳ್ಳಗೆ, ಗಟ್ಟಿಯಾಗಿ ಕಾಣಲೆಂದು ಸೀಮೆಸುಣ್ಣವನ್ನೂ ಹಿಟ್ಟನ್ನೂ ಬೆರೆಸಿ, ಹಳ್ಳಿಯ ಅಪ್ಪಟ ಹಾಲೆಂದು ಬಂಡಿಗಳ ಮೇಲೆ ಬರೆಸಿ ಮಾರುತ್ತಿದ್ದರು. 1858ರಲ್ಲಿ ಫ್ರಾಂಕ್ ಲೆಸ್ಲಿಯ ಸಚಿತ್ರ ವಾರಪತ್ರಿಕೆ ಈ ಕೊಟ್ಟಿಗೆಗಳ ಚಿತ್ರಗಳನ್ನು ಪ್ರಕಟಿಸಿದಾಗ ಊರು ಬೆಚ್ಚಿಬಿದ್ದಿತು. ಆದರೂ ಇದನ್ನು ತಡೆಯುವ ಕಾನೂನು ಬಂದದ್ದು 1862ರಲ್ಲಿ. ಈ ನಡುವೆ ಸತ್ತ ಬಡವರ ಮಕ್ಕಳು ಅಸಂಖ್ಯ. 'ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕುತ್ತವೆಯೆ?' ಎಂಬ ನಮ್ಮ ಗಾದೆಯಲ್ಲಿ ಹಾಲೂ ವಿಷವೂ ಎದುರುಬದುರಾಗಿ ನಿಂತಿವೆ. ನ್ಯೂಯಾರ್ಕಿನ ಆ ಬೀದಿಗಳಲ್ಲಿ ಎರಡೂ ಒಂದೇ ಪಾತ್ರೆಯಲ್ಲಿದ್ದವು.

ಲೂಯಿ ಪಾಶ್ಚರನ ಹೆಸರು ಇಂದು ಹಾಲಿನ ಪೊಟ್ಟಣದ ಮೇಲೆಲ್ಲ ಇದೆ. ಆದರೆ 1860ರ ದಶಕದಲ್ಲಿ ಆತ ಹದವಾಗಿ ಕಾಯಿಸಿ ಉಳಿಸಲು ಹೊರಟದ್ದು ಹಾಲನ್ನಲ್ಲ, ದ್ರಾಕ್ಷಾರಸದ ಮದ್ಯವನ್ನು. ಆ ವಿಧಾನವನ್ನು ಶಿಶುಗಳ ಹಾಲಿಗೆ ಅನ್ವಯಿಸಬೇಕೆಂದು 1886ರಲ್ಲಿ ಸೂಚಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಸಾಕ್ಸ್‌ಲೆಟ್. ಹಾಲನ್ನು 63 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರ್ಧ ಗಂಟೆಯೋ, 72 ಡಿಗ್ರಿಯಲ್ಲಿ 15 ಸೆಕೆಂಡೋ ಇರಿಸಿ ಒಡನೆ ತಣಿಸಿದರೆ ಕ್ಷಯವೇ ಮೊದಲಾದ ರೋಗಗಳ ಬೀಜಗಳು ಸಾಯುತ್ತವೆ. ನೇಥನ್ ಸ್ಟ್ರಾಸ್ ಎಂಬ ವರ್ತಕ 1893ರಿಂದ ನ್ಯೂಯಾರ್ಕಿನ ಬಡ ಬೀದಿಗಳಲ್ಲಿ ಇಂಥ ಹಾಲಿನ ಕೇಂದ್ರಗಳನ್ನು ತೆರೆದನು. ಅಲ್ಲಿಯ ಅನಾಥ ಶಿಶುಗಳ ಆಶ್ರಮವೊಂದರಲ್ಲಿ ಬೇರೇನನ್ನೂ ಬದಲಿಸದೆ ಹಾಲನ್ನು ಮಾತ್ರ ಬದಲಿಸಿದ್ದಕ್ಕೆ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹಾಲಿನ ಜೀವಸತ್ವ ಸುಟ್ಟುಹೋಗುತ್ತದೆ, ಕೊಳಕು ಕೊಟ್ಟಿಗೆಯವರಿಗೆ ಇದೊಂದು ಮರೆಯಾಗುತ್ತದೆ ಎಂದು ವಿರೋಧಿಸಿದವರಿಗೂ ಕಡಿಮೆಯಿರಲಿಲ್ಲ. 1908ರಲ್ಲಿ ಷಿಕಾಗೋ ನಗರ ಮೊದಲಬಾರಿಗೆ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಇಂಥ ಚರ್ಚೆ ನಡೆಯದಿದ್ದುದಕ್ಕೆ ಕಾರಣ ಸರಳ: ಹಾಲನ್ನು ಉಕ್ಕುವಂತೆ ಕಾಯಿಸದೆ ಕುಡಿಯುವ ರೂಢಿ ನಮ್ಮ ಮನೆಗಳಲ್ಲಿ ಅಪರೂಪ.

ಆದರೆ ಒಲೆಯ ಬೆಂಕಿಯು ರೋಗವನ್ನು ಕೊಲ್ಲಬಲ್ಲದೇ ಹೊರತು ಮೋಸವನ್ನಲ್ಲ. ಹಳೆಯ ಮೈಸೂರಿನ ಪಟ್ಟಣಗಳಲ್ಲಿ ವರ್ತನೆ ಹಾಲು ಎಂಬ ಏರ್ಪಾಡಿತ್ತು. ವರ್ತನೆಯವಳು ದಿನಾ ಬಂದು ಪಾವಿನ ಲೆಕ್ಕದಲ್ಲಿ ಹಾಲು ಹಾಕುತ್ತಿದ್ದಳು, ಗೋಡೆಯ ಮೇಲೆ ಗೀಟೆಳೆದು ತಿಂಗಳಿಗೊಮ್ಮೆ ಹಣ ಪಡೆಯುತ್ತಿದ್ದಳು. ಇನ್ನು ಕೆಲವು ಮನೆಗಳವರು ಹಸುವನ್ನೇ ಬಾಗಿಲಿಗೆ ಬರಮಾಡಿಕೊಂಡು ಎದುರಿಗೇ ಕರೆಸುತ್ತಿದ್ದರು. ಆಗಲೂ ಪಾತ್ರೆಯ ತಳದಲ್ಲಿ ಮೊದಲೇ ನೀರಿದೆಯೇ ಎಂದು ಬಗ್ಗಿಸಿ ನೋಡುವುದು ವಾಡಿಕೆ. ಲ್ಯಾಕ್ಟೋಮೀಟರು ಬಂದಾಗ ಇನ್ನು ಜಗಳ ಮುಗಿಯಿತೆಂದು ಜನ ಭಾವಿಸಿದರು. ಅದು ಅಳೆಯುವುದು ಸಾಂದ್ರತೆಯನ್ನು. ಹಾಲು ನೀರಿಗಿಂತ ತುಸು ಭಾರ. ನೀರು ಬೆರೆಸಿದರೆ ಹಗುರವಾಗುತ್ತದೆ, ಕೊಳವೆ ಮುಳುಗುತ್ತದೆ. ಆದರೆ ಹಾಲಿನ ಜಿಡ್ಡು ನೀರಿಗಿಂತಲೂ ಹಗುರ. ಆದ್ದರಿಂದ ಮೊದಲು ಕೆನೆ ತೆಗೆದು ಹಾಲನ್ನು ಭಾರಗೊಳಿಸಿ, ಬಳಿಕ ಅಷ್ಟೇ ಎಚ್ಚರಿಕೆಯಿಂದ ನೀರು ಬೆರೆಸಿದರೆ ಕೊಳವೆ ಸರಿಯಾದ ಗೀಟಿನಲ್ಲಿಯೇ ನಿಲ್ಲುತ್ತದೆ! ಹಾಲುಗಾರನಿಗೆ ಎರಡು ಲಾಭ, ಕೊಂಡವರಿಗೆ ಎರಡು ನಷ್ಟ, ಯಂತ್ರದ ಸಾಕ್ಷಿ ಬೇರೆ.

ಈ ಗಂಟನ್ನು ಬಿಡಿಸಿದವನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್. ಹಾಲಿಗೆ ಗಂಧಕಾಮ್ಲವನ್ನು ಸೇರಿಸಿದರೆ ಜಿಡ್ಡೊಂದನ್ನುಳಿದು ಮಿಕ್ಕದ್ದೆಲ್ಲ ಕರಗುತ್ತದೆ. ಸೀಸೆಯನ್ನು ಗಿರಗಿರನೆ ತಿರುಗಿಸಿದರೆ ಜಿಡ್ಡು ಕೊರಳಿಗೆ ಬಂದು ನಿಲ್ಲುತ್ತದೆ. ಅದನ್ನು ಗೀಟಿನಿಂದ ಓದಿಕೊಳ್ಳಬಹುದು. 1890ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಆತ ಪೇಟೆಂಟು ಪಡೆಯಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟನು. ಸ್ವಿಟ್ಜರ್‌ಲೆಂಡಿನ ಗರ್ಬರ್ ಸ್ವಲ್ಪ ಕಾಲದಲ್ಲೇ ರೂಪಿಸಿದ ಇಂಥದೇ ಪರೀಕ್ಷೆ ಭಾರತದಲ್ಲಿ ಹೆಚ್ಚು ಬಳಕೆಗೆ ಬಂದಿತು. ಅಳತೆಗಲ್ಲದೆ ಗುಣಕ್ಕೂ ಬೆಲೆ ಕಟ್ಟುವುದು ಸಾಧ್ಯವಾದಾಗ ನೀರು ಬೆರೆಸುವುದರಲ್ಲಿ ಲಾಭವೇ ಉಳಿಯಲಿಲ್ಲ.

ಈ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. 1923ರಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. 1927ರಲ್ಲಿ ಅನಾರೋಗ್ಯದ ನಿಮಿತ್ತ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆಯುತ್ತಿದ್ದ ಗಾಂಧೀಜಿ ಈ ಸಂಸ್ಥೆಗೆ ಬಂದು, ವಿದ್ಯಾರ್ಥಿಯ ಶ್ರದ್ಧೆಯಿಂದ ಪಾಠ ಕೇಳಿದರು. ಸಂದರ್ಶಕರ ಪುಸ್ತಕದಲ್ಲಿ ತಮ್ಮ ವೃತ್ತಿಯನ್ನು ರೈತ ಎಂದು ಬರೆದರು. ಹಾಲಿನೊಡನೆ ಅವರ ಸಂಬಂಧ ಸರಳವಾದುದಲ್ಲ. ಹಸು ಎಮ್ಮೆಗಳಿಂದ ಕಡೆಯ ಹನಿಯನ್ನೂ ಹಿಂಡಲು ನಡೆಸುತ್ತಿದ್ದ ಹಿಂಸೆಯ ಸುದ್ದಿ ಅವರ ಮನಸ್ಸನ್ನು ಕಲಕಿತ್ತು. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಅವರು ಹಾಲನ್ನು ತ್ಯಜಿಸಿದರು. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಓಡಾಡುತ್ತಿದ್ದಾಗ ರಕ್ತಭೇದಿಯಿಂದ ಸಾವಿನ ಅಂಚಿಗೆ ಹೋದರು. ವ್ರತ ಮಾಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು, ಆಡಿನದಕ್ಕೆ ಅಡ್ಡಿಯೇನು ಎಂದು ಕಸ್ತೂರಬಾ ಕೇಳಿದಾಗ ಅವರು ಒಪ್ಪಿದರು. ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆತ್ಮವನ್ನು ಕೊಂದೆನೆಂಬ ಅಳಲನ್ನು ಆತ್ಮಕಥೆಯಲ್ಲಿ ಮರೆಮಾಚಲಿಲ್ಲ.

ಅದೇ ಖೇಡಾ ಜಿಲ್ಲೆಯಲ್ಲಿ, 1946ರ ಜನವರಿಯಲ್ಲಿ, ಹಾಲು ಮತ್ತೊಂದು ಸತ್ಯಾಗ್ರಹಕ್ಕೆ ಕಾರಣವಾಯಿತು. ಮುಂಬಯಿಗೆ ಹಾಲು ಸರಬರಾಜಿನ ಏಕಸ್ವಾಮ್ಯ ಪೋಲ್ಸನ್ ಕಂಪನಿಯದಾಗಿತ್ತು. ರೈತನಿಗೆ ಸಿಗುತ್ತಿದ್ದುದು ದಲ್ಲಾಳಿ ಹೇಳಿದ ಬೆಲೆ. ವಲ್ಲಭಭಾಯಿ ಪಟೇಲರ ಸಲಹೆಯಂತೆ ಸಮರ್ಖಾ ಗ್ರಾಮದಲ್ಲಿ ಸಭೆ ಸೇರಿದ ರೈತರು ಹದಿನೈದು ದಿನ ಹಾಲನ್ನು ಮಾರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ತ್ರಿಭುವನದಾಸ ಪಟೇಲರ ನೇತೃತ್ವದಲ್ಲಿ ಸಹಕಾರ ಸಂಘ ನೋಂದಾಯಿತವಾಯಿತು. 1949ರಲ್ಲಿ ಆನಂದ್ ಊರಿಗೆ ಬಂದ ವರ್ಗೀಸ್ ಕುರಿಯನ್, ಅಮೆರಿಕಕ್ಕೆ ಹೋಗುವ ಮುನ್ನ ತರಬೇತಿ ಪಡೆದದ್ದು ಬೆಂಗಳೂರಿನ ಆ ಸಂಸ್ಥೆಯಲ್ಲಿ. ಎಮ್ಮೆಯ ಹಾಲಿನಿಂದ ಪುಡಿ ಮಾಡುವುದು ಅಸಾಧ್ಯವೆಂದು ವಿದೇಶೀ ತಜ್ಞರು ಹೇಳುತ್ತಿದ್ದಾಗ ಹರಿಚಂದ್ ಮೇಘಾ ದಲಾಯಾ ಅದನ್ನು ಮಾಡಿ ತೋರಿಸಿದರು.

ಈ ಕಥೆಯಲ್ಲಿ ನನ್ನನ್ನು ಹೆಚ್ಚಾಗಿ ಸೆಳೆಯುವುದು ಹಳ್ಳಿಯ ಸಂಘದ ಮುಂದಿನ ಸಾಲು. ಒಂದೆರಡು ಲೀಟರು ಹಾಲಿನ ಬಡ ಹೆಂಗಸೂ ಹತ್ತಾರು ಲೀಟರಿನ ಸಾಹುಕಾರನೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಪರೀಕ್ಷೆಗೆ ಒಳಗಾಗಿ, ಜಿಡ್ಡಿನ ಪ್ರಕಾರ ಹಣ ಪಡೆಯುತ್ತಾರೆ. ಜಾತಿ, ಮಾತು, ದರ್ಪ ಯಾವುದೂ ಆ ಸೀಸೆಯ ಗೀಟನ್ನು ಮೇಲೆ ಕೆಳಗೆ ಮಾಡಲಾರವು. 1970ರಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆ ಈ ಮಾದರಿಯನ್ನು ದೇಶಕ್ಕೆಲ್ಲ ಹರಡಿತು. 1998ರ ವೇಳೆಗೆ ಭಾರತ ಹಾಲಿನ ಉತ್ಪಾದನೆಯಲ್ಲಿ ಪ್ರಪಂಚಕ್ಕೆ ಮೊದಲನೆಯದಾಯಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಹೈನು ಅಭಿವೃದ್ಧಿ ನಿಗಮ ಹುಟ್ಟಿ, 1984ರಲ್ಲಿ ಹಾಲು ಮಹಾಮಂಡಳಿಯಾಯಿತು. ಹಾಲೆಲ್ಲ ಪಟ್ಟಣಕ್ಕೆ ಹೋದ ಮೇಲೆ ಮಾರಿದವಳ ಮಗುವಿನ ಲೋಟದಲ್ಲಿ ಉಳಿದದ್ದೇನು ಎಂದು ಟೀಕಾಕಾರರು ಕೇಳಿದ್ದುಂಟು, ನ್ಯಾಯವಾದ ಪ್ರಶ್ನೆಯದು. 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಮೂಲಕ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲು ಕೊಡಲು ಆರಂಭಿಸಿದಾಗ ಆ ಋಣದ ಒಂದು ಕಂತಾದರೂ ಸಂದಿತೆನ್ನಬಹುದು.

ಇಲ್ಲಿಗೆ ಕಥೆ ಸುಖಾಂತವೆಂದು ಮುಗಿಸುವಂತಿಲ್ಲ. 2008ರಲ್ಲಿ ಚೀನಾದಲ್ಲಿ ಶಿಶುಗಳ ಹಾಲಿನ ಪುಡಿಗೆ ಮೆಲಮೀನ್ ಎಂಬ ರಾಸಾಯನಿಕ ಬೆರೆತಿದ್ದುದು ಬೆಳಕಿಗೆ ಬಂದಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಆರು ಹಸುಗೂಸುಗಳು ಸತ್ತವು. ಮೋಸದ ಬಗೆ ಗಮನಿಸತಕ್ಕದ್ದು. ಪ್ರೋಟೀನನ್ನು ಅಳೆಯಲು ಪ್ರಯೋಗಶಾಲೆಗಳು ಅದರಲ್ಲಿರುವ ಸಾರಜನಕವನ್ನು ಅಳೆಯುತ್ತಿದ್ದವು. ಮೆಲಮೀನಿನಲ್ಲಿ ಸಾರಜನಕ ಹೇರಳವಾಗಿದೆ. ಹಾಲಿಗೆ ನೀರು ಬೆರೆಸಿ, ಕಡಿಮೆಯಾದ ಸಾರಜನಕವನ್ನು ಆ ರಾಸಾಯನಿಕದಿಂದ ತುಂಬಿಕೊಟ್ಟರು. ಲ್ಯಾಕ್ಟೋಮೀಟರನ್ನು ಕೆನೆ ತೆಗೆದು ವಂಚಿಸಿದ ಹಾಲುಗಾರನ ಯುಕ್ತಿಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಯಾವ ಪರೀಕ್ಷೆಯಾದರೂ ಹಾಲಿನ ಒಂದು ಲಕ್ಷಣವನ್ನು ಅಳೆಯಬಲ್ಲದೇ ಹೊರತು ಹಾಲುತನವನ್ನಲ್ಲ. ಆ ಒಂದು ಲಕ್ಷಣವನ್ನು ಬೇರೆಡೆಯಿಂದ ತಂದು ತುಂಬುವವರು ಪ್ರತಿ ಕಾಲದಲ್ಲೂ ಇರುತ್ತಾರೆ.

ಹಾಗೆಂದು ಪರೀಕ್ಷೆಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅವುಗಳಿಂದ ಉಳಿದ ಜೀವಗಳ ಲೆಕ್ಕ ದೊಡ್ಡದು. ಆದರೆ ಪರೀಕ್ಷಿಸುವವರ ಮೇಲೆ ಕುಡಿಯುವವರ ಕಣ್ಣೂ ಇರಬೇಕು, ಕರೆಯುವವರ ಹಕ್ಕೂ ಇರಬೇಕು. ಹಳ್ಳಿಯ ಸಂಘದ ಸಾಲಿನಲ್ಲಿ ನಿಂತ ಹೆಂಗಸು ತನ್ನ ಹಾಲಿನ ಗೀಟನ್ನು ತಾನೇ ನೋಡಬಲ್ಲಳು, ತಪ್ಪಾದರೆ ಅಲ್ಲಿಯೇ ಕೇಳಬಲ್ಲಳು. ಪಟ್ಟಣದಲ್ಲಿ ಪೊಟ್ಟಣ ಕತ್ತರಿಸಿ ಹಾಲು ಕಾಯಿಸುವ ನಮಗೆ ಆ ಅನುಕೂಲವಿಲ್ಲ. ಹಸು ಯಾವುದೋ, ಕರುವಿಗೆ ಉಳಿಯಿತೋ ಇಲ್ಲವೋ, ನಡುವೆ ಎಷ್ಟು ಕೈಗಳೋ ನಮಗೆ ತಿಳಿಯದು. ತೊಟ್ಟಿಲಲ್ಲಿರುವ ಮಗುವಿಗೆ ನಾವು ಕೊಟ್ಟದ್ದೇ ಹಾಲು. ಅದರ ಪರವಾಗಿ ಸಂದೇಹಪಡಬೇಕಾದವರು ನಾವು. ಆ ಕೆಲಸಕ್ಕೆ ನಮ್ಮ ಹಿರಿಯರು ಗಾದೆಯೊಂದನ್ನು ಕೈಗೆ ಕೊಟ್ಟೇ ಹೋಗಿದ್ದಾರೆ.